ಬೇಜಾರು ಮಾಡಿದ ಪಿಕ್ಚರ್ ಯಾವುದು?

ಸಿನಿಮಾ ಹುಚ್ಚಿರುವ ಇಬ್ಬರು ಒಂದೆಡೆ ಕೂತರೆ ಮೊದಲು ಹುಟ್ಟುವ ಪ್ರಶ್ನೆ, ನಿಮಗೆ ಬಹಳ ಇಷ್ಟವಾದ ಪಿಕ್ಚರ್ ಯಾವುದು ಎಂಬುದು. ತಿಪಟೂರಿನ ಕೊಬ್ಬರಿ ಮಂಡಿಯ ಪಕ್ಕದ ಹೋಟೆಲಾಗಲಿ, ತುರುವೇಕೆರೆಯ ಬಸ್ ನಿಲ್ದಾಣವಾಗಲಿ, ಚಿಕ್ಕನಾಯಕನಹಳ್ಳಿಯ ಸಂತೆಯಾಗಲಿ, ಬರುವ ಉತ್ತರವನ್ನು ಕೂತಲ್ಲೇ ಊಹಿಸಬಹುದು. ಅರವತ್ತು ದಾಟಿದವರು ‘ಬಂಗಾರದ ಮನುಷ್ಯ’ ಎನ್ನುತ್ತಾರೆ, ಐವತ್ತರ ಆಸುಪಾಸಿನವರು ‘ಓಂ’ ಎನ್ನುತ್ತಾರೆ, ಅವರ ಮಕ್ಕಳು ‘ಕೆಜಿಎಫ್’ ಅಥವಾ ‘ಕಾಂತಾರ’. ಇದರಲ್ಲಿ ಸುಳ್ಳೇನೂ ಇಲ್ಲ, ಆದರೆ ಹೇಳಿದವರ ಬಗ್ಗೆ ಹೊಸದೇನೂ ತಿಳಿಯುವುದಿಲ್ಲ. ಅವರ ವಯಸ್ಸು ತಿಳಿಯುತ್ತದೆ, ಅಷ್ಟೆ. ಅದೇ ಜನರನ್ನು, ನಂಬಿ ಹೋಗಿ ಬೇಜಾರು ಮಾಡಿಕೊಂಡು ಬಂದ ಪಿಕ್ಚರ್ ಯಾವುದು ಎಂದು ಕೇಳಿ ನೋಡಿ. ತಕ್ಷಣಕ್ಕೆ ಉತ್ತರ ಬರುವುದಿಲ್ಲ. ಬಂದ ಮೇಲೆ ಒಂದೊಂದೂ ಬೇರೆ ಬೇರೆ. ಇಷ್ಟದ ಪಟ್ಟಿಗಿಂತ ನಿರಾಸೆಯ ಪಟ್ಟಿ ಹೆಚ್ಚು ಪ್ರಾಮಾಣಿಕವಾದದ್ದು, ಸಿನಿಮಾ ಸ್ನೇಹ ಬೆಳೆಯಬೇಕಾದರೆ ಮಾತು ಅಲ್ಲಿಂದಲೇ ಶುರುವಾಗಬೇಕು ಎಂಬುದು ನನ್ನ ವಾದ.

ಇಷ್ಟದ ಪಟ್ಟಿಯ ಮೇಲೆ ನನಗಿರುವ ಅನುಮಾನಕ್ಕೆ ಕಾರಣವಿದೆ. ಆ ಪಟ್ಟಿಯನ್ನು ನಾವು ಮಾಡುವುದು ನಾಲ್ಕು ಜನರ ಮುಂದೆ, ನಾಲ್ಕು ಜನರಿಗೆ ಒಪ್ಪಿಗೆಯಾಗುವಂತೆ. ತಿಪಟೂರಿನಲ್ಲೇ ಹುಟ್ಟಿದ ನರಸಿಂಹರಾಜು ಅವರನ್ನೇ ತೆಗೆದುಕೊಳ್ಳಿ. 1954ರ ‘ಬೇಡರ ಕಣ್ಣಪ್ಪ’ದಿಂದ ಹಿಡಿದು 1979ರಲ್ಲಿ ತೀರಿಕೊಳ್ಳುವವರೆಗೆ ಕನ್ನಡ ಪ್ರೇಕ್ಷಕರನ್ನು ನಗಿಸಿದವರು, ‘ರಣಧೀರ ಕಂಠೀರವ’ದ ನಿರ್ಮಾಣದಲ್ಲಿ ರಾಜ್‌ಕುಮಾರ್, ಬಾಲಕೃಷ್ಣ, ಜಿ.ವಿ. ಅಯ್ಯರ್ ಅವರೊಂದಿಗೆ ಹೆಗಲು ಕೊಟ್ಟವರು. 1974ರಲ್ಲಿ ‘ಪ್ರೊಫೆಸರ್ ಹುಚ್ಚೂರಾಯ’ವನ್ನು ತಾವೇ ನಿರ್ಮಿಸಿದವರು. ಅವರ ಹೆಸರು ತೆಗೆದರೆ ಈ ಊರಿನ ಹಿರಿಯರ ಮುಖ ಅರಳುತ್ತದೆ. ಆದರೆ ಮೆಚ್ಚಿನ ಐದು ಸಿನಿಮಾ ಹೇಳಿ ಎಂದರೆ ಆ ಐದರಲ್ಲಿ ‘ಹುಚ್ಚೂರಾಯ’ ಸೇರುವುದು ಅಪರೂಪ. ನಗಿಸಿದ್ದು ಮೆಚ್ಚಿನದು, ಆದರೆ ಮೆಚ್ಚಿನದೆಂದು ಹೇಳಿಕೊಳ್ಳಲು ಅಳಿಸಿದ್ದೇ ಬೇಕು. ಇದು ತಾಲ್ಲೂಕು ಕೇಂದ್ರದ ಸಂಕೋಚ ಮಾತ್ರವಲ್ಲ. ಬ್ರಿಟನ್ನಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ 1952ರಿಂದ ಹತ್ತು ವರ್ಷಕ್ಕೊಮ್ಮೆ ವಿಮರ್ಶಕರನ್ನು ಕೇಳಿ ಶ್ರೇಷ್ಠ ಸಿನಿಮಾಗಳ ಪಟ್ಟಿ ಮಾಡುತ್ತಿದೆ. ಮೊದಲ ಸಲ ‘ಬೈಸಿಕಲ್ ಥೀವ್ಸ್’ ಮೇಲಿತ್ತು. 1962ರಿಂದ 2002ರವರೆಗೆ ಐದು ಸಲವೂ ‘ಸಿಟಿಜನ್ ಕೇನ್’. 2012ರಲ್ಲಿ ಹಿಚ್‌ಕಾಕ್‌ನ ‘ವರ್ಟಿಗೋ’, 2022ರಲ್ಲಿ ಶಾಂತಾಲ್ ಆಕರ್‌ಮನ್ ಅವರ ‘ಜಾನ್ ಡೀಲ್‌ಮನ್’. ಸಿನಿಮಾಗಳು ಇದ್ದ ಹಾಗೇ ಇದ್ದವು. ಬದಲಾದದ್ದು ಯಾರನ್ನು ಕೇಳಿದರು, ಆ ಕಾಲಕ್ಕೆ ಯಾವುದನ್ನು ಮೆಚ್ಚುವುದು ಮರ್ಯಾದೆ ಎಂಬುದು. ಜಗತ್ತಿನ ಘಟಾನುಘಟಿ ವಿಮರ್ಶಕರೇ ಜೊತೆಯವರನ್ನು ಓರೆಗಣ್ಣಿನಿಂದ ನೋಡಿಕೊಂಡು ಪಟ್ಟಿ ಬರೆಯುತ್ತಾರೆಂದರೆ ನಮ್ಮ ನಿಮ್ಮದೇನು.

ನಿರಾಸೆಯ ಪಟ್ಟಿಗೆ ಇಂಥ ಮುಲಾಜು ಕಡಿಮೆ. ಆದರೆ ಇಲ್ಲೊಂದು ಗೊಂದಲವನ್ನು ಮೊದಲೇ ಬಿಡಿಸಿಕೊಳ್ಳಬೇಕು. ನಿರಾಸೆ ಮಾಡಿದ ಸಿನಿಮಾ ಬೇರೆ, ಕೆಟ್ಟ ಸಿನಿಮಾ ಬೇರೆ. ಪೋಸ್ಟರ್ ನೋಡಿದಾಗಲೇ ಇದು ತೋಪು ಎಂದು ಗೊತ್ತಾಗುವ ಪಿಕ್ಚರ್ ಯಾರಿಗೂ ನಿರಾಸೆ ಮಾಡುವುದಿಲ್ಲ. ಮಳೆ ಬಂತೆಂದು ಒಳಗೆ ಹೋದವನು ಮಳೆ ನಿಂತ ಮೇಲೆ ಎದ್ದು ಬರುತ್ತಾನೆ. ನಿರಾಸೆಯಾಗಬೇಕಾದರೆ ಮೊದಲು ಆಸೆ ಇಟ್ಟಿರಬೇಕು. ಉದಾಹರಣೆಗೆ, ತುರುವೇಕೆರೆ ತಾಲ್ಲೂಕಿನ ಮಾಯಸಂದ್ರ ಸೀಮೆಯ ನಟ ಜಗ್ಗೇಶ್, 2008ರಲ್ಲಿ ತುರುವೇಕೆರೆಯಿಂದ ವಿಧಾನಸಭೆಗೂ ಗೆದ್ದವರು. ಅವರು ನಿರ್ದೇಶಕ ಗುರುಪ್ರಸಾದ್ ಜೊತೆ ಸೇರಿ 2006ರಲ್ಲಿ ‘ಮಠ’, 2009ರಲ್ಲಿ ‘ಎದ್ದೇಳು ಮಂಜುನಾಥ’ ಮಾಡಿದರು. ಮಾತಿನ ಮೊನೆಯಿಂದಲೇ ನಿಂತ ಸಿನಿಮಾಗಳು ಅವು. ಊರಿನ ಕೆಲಸಗಳ್ಳನ ಜಾಣತನವನ್ನು ಅಷ್ಟು ಸಲೀಸಾಗಿ ಹಿಡಿದ ಚಿತ್ರ ‘ಮಂಜುನಾಥ’ನ ಹಾಗೆ ಇನ್ನೊಂದು ಸಿಗುವುದು ಕಷ್ಟ. ಅದೇ ಜೋಡಿಯ ‘ರಂಗನಾಯಕ’ 2024ರಲ್ಲಿ ಬಂದಾಗ ಅಭಿಮಾನಿಗಳಿಗಾದ ಬೇಸರ ದೊಡ್ಡದು. ಹೊಸಬರು ಮಾಡಿದ್ದರೆ ಒಂದು ವಾರದಲ್ಲಿ ಮರೆತುಹೋಗುತ್ತಿದ್ದ ಚಿತ್ರ ಅದು. ಹದಿನೈದು ವರ್ಷ ಕಾದವರಿಗೆ ಮರೆಯಲಾಗಲಿಲ್ಲ. ‘ರಂಗನಾಯಕ ಬೇಜಾರು ಮಾಡ್ತು ಕಣಣ್ಣ’ ಎಂದು ಒಬ್ಬ ಹೇಳಿದರೆ ‘ಮಠ’ವನ್ನು ಅವನು ಎಷ್ಟು ಹಚ್ಚಿಕೊಂಡಿದ್ದನೆಂಬುದು ಆ ಮಾತಿನಲ್ಲೇ ಇದೆ. ‘ಮಠ ಸೂಪರ್’ ಎಂಬ ಮಾತಿನಲ್ಲಿ ಅದರ ಕಾಲುಭಾಗವೂ ಇಲ್ಲ.

ಇದಕ್ಕಿಂತ ಹಳೆಯದೊಂದು ಉದಾಹರಣೆ ಎಲ್ಲರಿಗೂ ಗೊತ್ತಿರುವುದೇ. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ ‘ನಾಗರಹಾವು’ ಮಾಡಿದರು. ನಾಡಿಗೆ ನಾಡೇ ಮೆಚ್ಚಿತು. ತ.ರಾ.ಸು. ಮಾತ್ರ ತಮ್ಮ ನಾಗರಹಾವು ತೆರೆಯ ಮೇಲೆ ಕೇರೆಹಾವಾಯಿತೆಂದು ನೊಂದುಕೊಂಡರೆಂಬುದು ಪ್ರಸಿದ್ಧ. ಲಕ್ಷಾಂತರ ಜನರ ಮೆಚ್ಚುಗೆ ಸಿನಿಮಾದ ಬಗ್ಗೆ ಒಂದು ಸಂಗತಿ ಹೇಳಿದರೆ ಈ ಒಬ್ಬರ ಬೇಸರ ಎರಡು ಸಂಗತಿ ಹೇಳುತ್ತದೆ: ಕಾದಂಬರಿಕಾರನ ಮನಸ್ಸಿನಲ್ಲಿದ್ದ ನಾಯಕ ರಾಮಾಚಾರಿಗೆ ಎಷ್ಟು ವಿಷವಿತ್ತು, ಪುಟ್ಟಣ್ಣ ಅದರಲ್ಲಿ ಎಷ್ಟನ್ನು ತೆಗೆದು ಅಲ್ಲಿ ಕರುಣೆ ತುಂಬಿದರು. ಸಿನಿಮಾ ಮೆಚ್ಚಿದವರು ಕೂಡ ಆ ಬೇಸರವನ್ನು ಕೇಳಿದ ಮೇಲೆ ಚಾಮಯ್ಯ ಮೇಷ್ಟರ ದೃಶ್ಯಗಳನ್ನು ಬೇರೆ ಕಣ್ಣಿನಿಂದ ನೋಡುತ್ತಾರೆ. ಮೆಚ್ಚುಗೆ ಕಡಿಮೆಯಾಗಬೇಕೆಂದೇನಿಲ್ಲ. ನನಗಂತೂ ಪುಟ್ಟಣ್ಣನವರೇ ಸರಿ ಎನಿಸುತ್ತದೆ, ಆದರೆ ಯಾಕೆ ಸರಿ ಎಂದು ಯೋಚಿಸುವಂತೆ ಮಾಡಿದ್ದು ತ.ರಾ.ಸು. ಅವರ ಸಿಟ್ಟು.

ಇಲ್ಲಿ ದೊಡ್ಡ ಆಕ್ಷೇಪವೊಂದು ಬರುತ್ತದೆ. ರುಚಿ ಅವರವರದು, ನಿನಗೆ ಬೇಜಾರಾದದ್ದು ನನಗೆ ಹಬ್ಬ, ಇದರಲ್ಲಿ ವಾದ ಮಾಡುವುದೇನು? ಸೋಲೊಪ್ಪಿಕೊಂಡವರ ಮಾತಿದು ಎಂದು ನಾನು ತಿಳಿದಿದ್ದೇನೆ, ಇದಕ್ಕೆ ಉತ್ತರ ಕೂಡ ಈ ಸೀಮೆಯಿಂದಲೇ ಹೋಗಿದೆ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರು ತೀ.ನಂ. ಶ್ರೀಕಂಠಯ್ಯ. ಅವರ ‘ಭಾರತೀಯ ಕಾವ್ಯಮೀಮಾಂಸೆ’ 1953ರಲ್ಲಿ ಬಂದು, ಸಂಸ್ಕೃತದಲ್ಲಿ ಪಂಡಿತರ ಪಾಲಾಗಿದ್ದ ರಸವಿಚಾರವನ್ನು ಕನ್ನಡದ ಓದುಗರ ಕೈಗೆ ಕೊಟ್ಟಿತು. ಆ ಪರಂಪರೆಯಲ್ಲಿ ಸುಮಾರು ಸಾವಿರ ವರ್ಷದ ಹಿಂದೆ ಕಾಶ್ಮೀರದ ಅಭಿನವಗುಪ್ತ ನಾಟಕದ ರಸಕ್ಕೆ ಅಡ್ಡ ಬರುವ ಏಳು ವಿಘ್ನಗಳನ್ನು ಎಣಿಸಿದ್ದಾನೆ. ನಡೆಯುತ್ತಿರುವುದು ನಂಬುವಂತಿಲ್ಲದಿರುವುದು ಒಂದು. ನೋಡುವವನು ತನ್ನ ಊರು, ತನ್ನ ಕಾಲ, ತನ್ನ ಸ್ವಂತ ವ್ಯವಹಾರದಲ್ಲೇ ಮುಳುಗಿರುವುದು ಇನ್ನೊಂದು. ತನ್ನ ಸುಖದುಃಖ ತನ್ನನ್ನು ಕಟ್ಟಿಹಾಕಿರುವುದು ಮತ್ತೊಂದು. ತೋರಿಸುವ ಸಾಧನದಲ್ಲೇ ಕೊರತೆ, ಸ್ಪಷ್ಟತೆ ಇಲ್ಲದಿರುವುದು, ಮುಖ್ಯವಾದದ್ದನ್ನು ಬಿಟ್ಟು ಅಮುಖ್ಯವಾದದ್ದು ಮೆರೆಯುವುದು, ಕೊನೆಗೆ ಸಂಶಯ. ಸಿನಿಮಾ ಹುಟ್ಟುವುದಕ್ಕೆ ಸುಮಾರು ಒಂಬೈನೂರು ವರ್ಷ ಮೊದಲು ಬರೆದ ಈ ಯಾದಿ, ಥಿಯೇಟರ್‌ನಿಂದ ಹೊರಬಂದವರ ಗೊಣಗಾಟವನ್ನೆಲ್ಲ ಒಳಗೊಂಡಿದೆ. ಹಿಂದಿನ ಕಾಲದ ಟೆಂಟ್ ಸಿನಿಮಾದಲ್ಲಿ ರೀಲು ತುಂಡಾಗಿ, ಧ್ವನಿ ಗೊಗ್ಗರಾಗಿ, ನೆಲದ ಟಿಕೆಟ್ಟಿನವನಿಗೆ ಅರ್ಧ ಪರದೆ ಮಾತ್ರ ಕಂಡರೆ ಅದು ಸಾಧನದ ಕೊರತೆ. ಕಥೆ ಒಂದು ಕಡೆ ನಿಂತು ನಾಯಕನ ಎಂಟ್ರಿಗೇ ಕಾಲು ಗಂಟೆ ಹೋದರೆ ಅಮುಖ್ಯವಾದದ್ದು ಮೆರೆಯಿತು. ನಂಬಿಕೆಯ ವಿಷಯದಲ್ಲಂತೂ ಅಭಿನವಗುಪ್ತ ಒಂದು ಉಪಾಯವನ್ನೂ ಹೇಳುತ್ತಾನೆ: ಲೋಕದಲ್ಲಿ ನಡೆಯದಂಥ ಸಾಹಸಗಳನ್ನು ತೋರಿಸಬೇಕಾದರೆ ರಾಮನಂಥ ಹೆಸರಾಂತ ನಾಯಕನನ್ನೇ ಇಟ್ಟುಕೊಳ್ಳಬೇಕು, ಆಗ ಜನ ನಂಬುತ್ತಾರೆ. ಇಂದು ರಾಮನ ಜಾಗದಲ್ಲಿ ಹೆಸರಾಂತ ನಟನಿದ್ದಾನೆ. ಇಪ್ಪತ್ತು ಜನರನ್ನು ಒಬ್ಬನೇ ಹೊಡೆಯುವುದನ್ನು ನಾವು ನಂಬುವುದು ಪಾತ್ರವನ್ನು ನೋಡಿ ಅಲ್ಲ, ಆ ನಟನ ಹಿಂದಿನ ಹತ್ತು ಸಿನಿಮಾಗಳನ್ನು ನೆನೆದು.

ಈ ಏಳರಲ್ಲಿ ಕೆಲವು ವಿಘ್ನಗಳು ನಾಟಕದಲ್ಲಿವೆ, ಕೆಲವು ನೋಡುವವನಲ್ಲಿವೆ ಎಂಬುದನ್ನು ಗಮನಿಸಬೇಕು. ರುಚಿ ಅವರವರದು ಎನ್ನುವವರು ಎಲ್ಲವೂ ನೋಡುವವನದೇ ಎಂದು ಕೈತೊಳೆದುಕೊಳ್ಳುತ್ತಾರೆ. ‘ಡಬ್ಬಾ ಪಿಕ್ಚರ್’ ಎಂದು ಉಗಿಯುವವರು ಎಲ್ಲವೂ ಸಿನಿಮಾದ್ದೇ ಎನ್ನುತ್ತಾರೆ. ಯಾವುದು ಎಲ್ಲಿಯದು ಎಂದು ಒಬ್ಬನೇ ಕೂತು ಬೇರ್ಪಡಿಸಲು ಆಗದು, ಅದಕ್ಕೇ ಜೊತೆಗಾರ ಬೇಕು. ‘ಬಂಗಾರದ ಮನುಷ್ಯ’ವನ್ನೇ ನೋಡಿ. ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ವರ್ಷಕ್ಕೂ ಮಿಕ್ಕಿ ಓಡಿದ ಸಿನಿಮಾ. ನಾಯಕ ರಾಜೀವ ಬಂಜರು ನೆಲವನ್ನು ಹಸನು ಮಾಡುತ್ತಾನೆ, ಊರನ್ನೇ ಎತ್ತಿ ನಿಲ್ಲಿಸುತ್ತಾನೆ, ಕೊನೆಗೆ ಅಕ್ಕನ ಮಗನ ಅನುಮಾನದ ಮಾತಿಗೆ ನೊಂದು ಉಣ್ಣುತ್ತಿದ್ದ ಊಟ ಬಿಟ್ಟು ಎದ್ದು ನಡೆದುಬಿಡುತ್ತಾನೆ. ಲಕ್ಷ ಜನ ಅತ್ತ ದೃಶ್ಯ ಅದು, ನನಗೆ ಬೇಜಾರು ಮಾಡಿದ ದೃಶ್ಯವೂ ಅದೇ. ಈ ಸೀಮೆಯ ತೋಟದವನೊಬ್ಬ ನನ್ನ ಪರವಾಗಿ ಹೀಗೆ ವಾದಿಸಬಹುದು: ತೆಂಗಿನ ಸಸಿ ನೆಟ್ಟರೆ ಫಲಕ್ಕೆ ಆರೇಳು ವರ್ಷ ಕಾಯಬೇಕು, ಆಮೇಲೆ ಅದು ಮಗನ ಕಾಲ, ಮೊಮ್ಮಗನ ಕಾಲದವರೆಗೂ ಬಿಡುತ್ತದೆ, ಅಷ್ಟು ಕಾಯುವ ಗುಣವಿರುವ ಮನುಷ್ಯ ಒಂದು ಮಾತಿಗೆ ಎದ್ದು ಹೋಗುವನೇ? ನೆಲವನ್ನು ಪ್ರೀತಿಸುವುದು ಕಲಿಸಿದ ಸಿನಿಮಾ, ನೆಲ ಬಿಟ್ಟು ಹೋಗುವುದನ್ನು ತ್ಯಾಗವೆಂದು ತೋರಿಸಬಹುದೇ? ವಾದ ಜೋರಾಗಿದೆ. ಆದರೆ ಪಕ್ಕದವನು ಕೇಳಬೇಕಾದ ಪ್ರಶ್ನೆ ಇಷ್ಟು: ಅಣ್ಣ, ಇದು ರಾಜೀವನ ಮೇಲಿನ ದೂರೋ, ಇಲ್ಲ ನಿಮ್ಮ ತೋಟದ ಭಾಗದ ವ್ಯಾಜ್ಯ ನೆನಪಿಗೆ ಬಂತೋ? ದಾಯಾದಿ ಜಗಳ ಕಂಡವನಿಗೆ ರಾಜೀವ ತನ್ನ ಪಾಲು ಬಿಟ್ಟದ್ದು ಹೊಟ್ಟೆಗೆ ಬೆಂಕಿ ಬಿದ್ದಂತಾಗುತ್ತದೆ, ಸಹಜ. ಅದನ್ನು ಕಳೆದರೂ ಆಕ್ಷೇಪದಲ್ಲಿ ಏನಾದರೂ ಉಳಿಯುತ್ತದೆಯೇ? ಉಳಿಯುತ್ತದೆ ಎಂದೇ ನನ್ನ ಅಭಿಪ್ರಾಯ. ಸಿನಿಮಾ ಉದ್ದಕ್ಕೂ ಕಟ್ಟಿದ ರಾಜೀವ ಕಲ್ಲುಬಂಡೆಯ ಜೊತೆ ಹಟ ಹಿಡಿದವನು. ಕೊನೆಯ ರಾಜೀವ ದೇವರ ಪಟದೊಳಗಿನವನು. ಇದನ್ನು ಒಪ್ಪದವರು ಬಹಳ ಜನ, ಒಪ್ಪದಿರಲು ಅವರಿಗೂ ಒಳ್ಳೆಯ ಕಾರಣಗಳಿವೆ. ಆದರೆ ‘ಬಂಗಾರದ ಮನುಷ್ಯ ನನಗೂ ಇಷ್ಟ’ ಎಂದು ಇಬ್ಬರೂ ತಲೆಯಾಡಿಸಿದ್ದರೆ ಈ ಮಾತುಕತೆಯೇ ಹುಟ್ಟುತ್ತಿರಲಿಲ್ಲ.

ಇನ್ನೊಂದು ಆಕ್ಷೇಪ ಹೊತ್ತಿಗೆ ಸಂಬಂಧಿಸಿದ್ದು. ನಿರಾಸೆ ಬಿಸಿಬಿಸಿಯಾಗಿ ಹೊರಬೀಳುತ್ತದೆ, ಆಮೇಲೆ ಇಳಿದುಹೋಗುತ್ತದೆ. ಅಂಥದ್ದನ್ನು ನಂಬುವುದು ಹೇಗೆ? ಒಪ್ಪಬೇಕಾದ ಮಾತು. ಈ ಭಾಗದಲ್ಲಿ ಉಂಡೆ ಕೊಬ್ಬರಿ ಮಾಡುವವರು ಕಾಯನ್ನು ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ವರ್ಷ ಬಿಡುತ್ತಾರೆ. ನೀರೆಲ್ಲ ಇಂಗಿ, ಒಳಗಿನ ಗಿಟುಕು ಚಿಪ್ಪು ಬಿಟ್ಟು ಅಲ್ಲಾಡಿಸಿದರೆ ಸದ್ದು ಮಾಡಿದ ಮೇಲೇ ಸುಲಿದು ಒಡೆಯುವುದು, ಒಳಗಿರುವುದು ಒಳ್ಳೆಯದೋ ಕೌಟೋ ಎಂದು ಗೊತ್ತಾಗುವುದು ಆಗಲೇ. ಸಿನಿಮಾದ ಅಭಿಪ್ರಾಯವೂ ಹಾಗೆ ಒಣಗಬೇಕು. ಹಿಂದೆ ಅದು ತಾನಾಗಿಯೇ ಒಣಗುತ್ತಿತ್ತು. ಗಾಂಧಿನಗರದ ಸಿನಿಮಾ ವಿತರಕರ ಲೆಕ್ಕದಲ್ಲಿ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ತಾಲ್ಲೂಕು ‘ಬಿಕೆಟಿ’ ಏರಿಯಾ, ಅಂದರೆ ಬೆಂಗಳೂರು–ಕೋಲಾರ–ತುಮಕೂರು. ಪಕ್ಕದ ಅರಸೀಕೆರೆ ಹಾಸನ ಜಿಲ್ಲೆಯದಾದ್ದರಿಂದ ಬೇರೆ ಏರಿಯಾ, ಬೇರೆ ವಿತರಕ. ಪ್ರಿಂಟ್ ತೆಗೆಸುವುದು ದುಬಾರಿಯಾಗಿದ್ದ ಕಾಲದಲ್ಲಿ ಡಬ್ಬಗಳು ಬೆಂಗಳೂರಿನಲ್ಲಿ ಓಡಿ, ಜಿಲ್ಲಾ ಕೇಂದ್ರ ಮುಗಿಸಿ, ತಾಲ್ಲೂಕಿಗೆ ಬಂದು, ಕೊನೆಗೆ ಹೋಬಳಿಯ ಟೆಂಟ್ ತಲುಪುವ ಹೊತ್ತಿಗೆ ತಿಂಗಳುಗಳೇ ಕಳೆದಿರುತ್ತಿದ್ದವು. ಕಥೆ ಗೊತ್ತು, ಹಾಡು ಬಾಯಿಪಾಠ, ಬೆಂಗಳೂರಿಗೆ ಹೋಗಿಬಂದವರ ತೀರ್ಪೂ ಕಿವಿಗೆ ಬಿದ್ದಿರುತ್ತಿತ್ತು. ಈಗ ಶುಕ್ರವಾರ ಬೆಳಿಗ್ಗೆ ಬೆಂಗಳೂರಿನಲ್ಲೂ ತಿಪಟೂರಿನಲ್ಲೂ ಒಟ್ಟಿಗೇ ಬಿಡುಗಡೆ, ಇಂಟರ್ವಲ್ ಮುಗಿಯುವುದರೊಳಗೆ ಫೋನಿನಲ್ಲಿ ಅಂಕ. ಅವಸರದ ತೀರ್ಪಿನ ಗತಿ ಏನಾಗುತ್ತದೆಂಬುದಕ್ಕೆ ‘ಉಳಿದವರು ಕಂಡಂತೆ’ ಸಾಕ್ಷಿ. 2014ರಲ್ಲಿ ರಕ್ಷಿತ್ ಶೆಟ್ಟಿ ಕರಾವಳಿಯ ಒಂದೇ ಘಟನೆಯನ್ನು ಬೇರೆ ಬೇರೆಯವರ ಕಣ್ಣಿನಿಂದ ಹೇಳಿದಾಗ ಥಿಯೇಟರ್‌ಗಳು ಕೈಬಿಟ್ಟವು. ಏನೂ ಅರ್ಥವಾಗಲಿಲ್ಲ ಎಂದರು. ಕೆಲವೇ ವರ್ಷಗಳಲ್ಲಿ ಅದೇ ಸಿನಿಮಾ ಹೊಸ ತಲೆಮಾರಿನವರ ಇಷ್ಟದ ಪಟ್ಟಿಯ ಮೇಲ್ಭಾಗಕ್ಕೆ ಬಂತು. ಇದರಿಂದ ನಿರಾಸೆಯನ್ನು ಹೇಳಿಕೊಳ್ಳಬಾರದು ಎಂದಾಗುವುದಿಲ್ಲ. ಒಂದು ಸಲ ಹೇಳಿ ಕೈಬಿಡಬಾರದು ಎಂದಾಗುತ್ತದೆ. ಹೋದ ವರ್ಷ ಬೇಜಾರಾದದ್ದನ್ನು ಈ ವರ್ಷ ಮತ್ತೆ ಎತ್ತಿ ಅಲ್ಲಾಡಿಸಿ ನೋಡುವ ಗೆಳೆಯರು ಬೇಕು. ಫೋನಿನ ಅಂಕಕ್ಕೆ ಆ ಅಭ್ಯಾಸವಿಲ್ಲ, ಶುಕ್ರವಾರ ಕೊಟ್ಟದ್ದೇ ಕಡೆಯದು.

ನೂರಾರು ಜನ ದುಡಿದು ಮಾಡಿದ್ದನ್ನು ಸಂತೆಯಲ್ಲಿ ಕೂತು ಬೈಯುವುದು ಸರಿಯೇ ಎಂಬ ಪ್ರಶ್ನೆಯೂ ಇದೆ. ತಾಲ್ಲೂಕು ಕೇಂದ್ರಗಳಲ್ಲಿ ಒಂದು ಪರದೆಯ ಚಿತ್ರಮಂದಿರಗಳು ಉಸಿರಾಡುವುದೇ ಕಷ್ಟವಾಗಿರುವ ಕಾಲದಲ್ಲಿ ಈ ಪ್ರಶ್ನೆಗೆ ತೂಕವಿದೆ. ಆದರೆ ಥಿಯೇಟರನ್ನು ಮುಚ್ಚಿಸುವವನು ನಿರಾಸೆಗೊಂಡ ಪ್ರೇಕ್ಷಕನಲ್ಲ. ಅವನು ಟಿಕೆಟ್ ಕೊಂಡವನು, ಮುಂದಿನ ಸಲವೂ ಕೊಳ್ಳುವವನು. ಇಲ್ಲದಿದ್ದರೆ ಅವನಿಗೆ ಬೇಜಾರಾಗಲು ಕಾರಣವೇ ಇರುತ್ತಿರಲಿಲ್ಲ. ನಿಜವಾಗಿ ಕುತ್ತು ತರುವುದು ‘ಪರವಾಗಿಲ್ಲ, ಒಂದ್ಸಲ ನೋಡ್ಬೋದು’ ಎಂಬ ಮಾತು. ಇಷ್ಟು ಸೋಮಾರಿಯಾದ ವಿಮರ್ಶೆ ಯಾವ ಭಾಷೆಯಲ್ಲೂ ಇರಲಾರದು. ಅದನ್ನು ಕೇಳಿ ಯಾರೂ ಬಸ್ ಹತ್ತಿ ಬರುವುದಿಲ್ಲ, ಯಾವ ನಿರ್ದೇಶಕನೂ ಏನನ್ನೂ ಕಲಿಯುವುದಿಲ್ಲ. ಅಭಿಮಾನಿ ಸಂಘದವರ ತಕರಾರು ಬೇರೆ ರೀತಿಯದು: ನಮ್ಮ ಬಾಸ್ ಸಿನಿಮಾ ಬೇಜಾರಾಯಿತೆಂದರೆ ನೀನು ಆ ಪಾರ್ಟಿ. ಇದಕ್ಕೆ ಹೆಚ್ಚು ಉತ್ತರಿಸಬೇಕಿಲ್ಲ. ಕಟೌಟಿಗೆ ಹಾಲೆರೆದವನಿಗೆ ಸಿನಿಮಾ ಸಪ್ಪೆಯಾದದ್ದು ಎಲ್ಲರಿಗಿಂತ ಮೊದಲು ಗೊತ್ತಾಗಿರುತ್ತದೆ; ಹೊರಗಿನವರ ಮುಂದೆ ಹೇಳುವುದಿಲ್ಲ, ಅಷ್ಟೆ.

ಹಾಗಾದರೆ ನಿರಾಸೆಯೊಂದೇ ಸತ್ಯವೇ, ಇಷ್ಟಕ್ಕೆ ಬೆಲೆಯಿಲ್ಲವೇ ಎಂದರೆ, ಇಷ್ಟ ಗಟ್ಟಿಯಾಗುವುದೂ ಒಂದು ನಿರೀಕ್ಷೆ ಮುರಿದಾಗಲೇ. ತಿಪಟೂರು ತಾಲ್ಲೂಕಿನ ನೊಣವಿನಕೆರೆಯಲ್ಲಿ ಹುಟ್ಟಿದ ಉಮಾಶ್ರೀ ಅವರನ್ನು ಕಾಶೀನಾಥ್ ಅವರ ‘ಅನುಭವ’ದಿಂದ ಹಿಡಿದು ವರ್ಷಗಟ್ಟಲೆ ಜನ ಕಂಡದ್ದು ನಗಿಸುವ, ಪೋಲಿ ಮಾತಿಗೆ ಸರಿಯಾಗಿ ತಿರುಗೇಟು ಕೊಡುವ ಪಾತ್ರಗಳಲ್ಲಿ. ರಂಗಭೂಮಿಯಲ್ಲಿ ‘ಒಡಲಾಳ’ದ ಸಾಕವ್ವನಾಗಿ ಅವರನ್ನು ನೋಡಿದವರ ಸಂಖ್ಯೆ ಚಿಕ್ಕದು. ‘ಪುಟ್ನಂಜ’ದ ಮುದುಕಿಯಲ್ಲಿ ಒಂದು ಸುಳಿವು ಸಿಕ್ಕಿತ್ತು. ಆಮೇಲೆ ಗಿರೀಶ್ ಕಾಸರವಳ್ಳಿ ವೈದೇಹಿಯವರ ಕಥೆಯನ್ನು ಆಧರಿಸಿ ‘ಗುಲಾಬಿ ಟಾಕೀಸ್’ ಮಾಡಿದರು, 2008ರ ಸಾಲಿನ ಅತ್ಯುತ್ತಮ ನಟಿ ರಾಷ್ಟ್ರಪ್ರಶಸ್ತಿ ಉಮಾಶ್ರೀಗೆ ಬಂತು. ಅವರ ಗುಲಾಬಿ ಕರಾವಳಿಯ ಸೂಲಗಿತ್ತಿ, ಸಿನಿಮಾ ಎಂದರೆ ಪ್ರಾಣ. ಮನೆಗೆ ಟಿವಿ ಬಂದ ಮೇಲೆ ಅಕ್ಕಪಕ್ಕದ ಹೆಂಗಸರೆಲ್ಲ ಅಲ್ಲಿ ಸೇರುತ್ತಾರೆ. ಊರು ಧರ್ಮದ ಹೆಸರಿನಲ್ಲಿ ಒಡೆದಾಗ ಆ ಕೂಟವೂ ಒಡೆಯುತ್ತದೆ. ಜೊತೆಗೆ ಕೂತು ಸಿನಿಮಾ ನೋಡುವವರ ಬಗ್ಗೆ ಕನ್ನಡದಲ್ಲಿ ಬಂದ ಅತ್ಯುತ್ತಮ ಸಿನಿಮಾ ಇದು ಎಂದು ನಾನು ಹಟ ಹಿಡಿದು ಹೇಳಬಲ್ಲೆ. ನಗಿಸುತ್ತಿದ್ದ ನಟಿ ಅಷ್ಟು ಒಂಟಿಯಾಗಿ ನಿಂತದ್ದು ಎದೆಗೆ ಹೊಡೆಯುವುದು, ಆಕೆಯಿಂದ ನಾವು ಬೇರೇನನ್ನೋ ಕಾಯುತ್ತಿದ್ದೆವೆಂಬ ಕಾರಣಕ್ಕೆ.

ಆದರೆ ಪ್ರಶಸ್ತಿ ಸಿನಿಮಾಗಳ ಬಗ್ಗೆ ನನ್ನ ದೊಡ್ಡ ದೂರು ಇಲ್ಲಿಯೇ ಇದೆ. ಅವು ಉತ್ಸವಗಳಿಗೆ ಹೋಗುತ್ತವೆ, ಬೆಂಗಳೂರಿನಲ್ಲಿ ಒಂದೆರಡು ಪರದೆಯಲ್ಲಿ ಕಾಣಿಸಿಕೊಳ್ಳುತ್ತವೆ, ತಾಲ್ಲೂಕು ಕೇಂದ್ರದ ಥಿಯೇಟರಿಗೆ ಬರುವುದು ತೀರ ಅಪರೂಪ. ಹೀಗಾಗಿ ಆ ಸಿನಿಮಾಗಳು ಇಲ್ಲಿನವರ ಇಷ್ಟದ ಪಟ್ಟಿಯಲ್ಲೂ ಇಲ್ಲ, ಬೇಜಾರಿನ ಪಟ್ಟಿಯಲ್ಲೂ ಇಲ್ಲ. ಅವುಗಳನ್ನು ನೋಡದೆಯೇ ಗೌರವಿಸಬೇಕಾಗಿದೆ. ನೋಡದ ಸಿನಿಮಾವನ್ನು ಗೌರವಿಸುವುದಕ್ಕಿಂತ ನೋಡಿ ಬೈಯುವುದು ಎಷ್ಟೋ ಮೇಲು. ಕಾಸರವಳ್ಳಿಯವರ ಸಿನಿಮಾ ನೋಡಿ ನಿರಾಸೆಪಡುವ ಹಕ್ಕು ಬೆಂಗಳೂರಿನವರಿಗೆ ಎಷ್ಟಿದೆಯೋ ನೊಣವಿನಕೆರೆಯವರಿಗೂ ಅಷ್ಟೇ ಇದೆ. ‘ಉಮಾಶ್ರೀ ಬಾಳ ಚೆನ್ನಾಗ್ ಮಾಡವ್ರೆ ಕಣಣ್ಣ, ಆದ್ರೆ ಪಿಕ್ಚರ್ ಎಳೀತು’ ಎಂದು ಅಲ್ಲಿನ ಒಬ್ಬ ಹೇಳಲಿ. ನಾನು ಒಪ್ಪುವುದಿಲ್ಲ, ಆದರೆ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ಕೇಳುತ್ತೇನೆ: ಎಲ್ಲಿ ಎಳೀತು, ಯಾವ ಸೀನಲ್ಲಿ?